ಬಿಳಿ ಗೂಡು, ಹಳದಿ ಗೂಡು, ಒಂದೇ ಬೇಸಿನ್ನು

ನನ್ನ ಮೊಮ್ಮಗಳಿಗೆ ಡಾಕ್ಟರೇಟ್ ಆಯಿತು! ಮೊನ್ನೆ ಗುರುವಾರ ಮಧ್ಯಾಹ್ನ ಮೂರೂಕಾಲಿಗೆ ಆಯಿತು. ಪ್ರಶ್ನೆ ಕೇಳಲು ಕೂತಿದ್ದ ದೊಡ್ಡವರೆಲ್ಲ ಎದ್ದು ನಿಂತು ಅವಳ ಕೈ ಕುಲುಕಿದರಂತೆ. ಮೂರು ದಿನ ಕಳೆದರೂ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ. ಹಿತ್ತಲಿಗೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ಒಳಗೆ ಬರುತ್ತೇನೆ. ಹಾಲು ಹಾಕುವವಳಿಗೆ ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದೆ. ಬರೆದಾದರೂ ಇಟ್ಟರೆ ಎದೆ ತಣ್ಣಗಾದೀತು ಎಂದು, ಅವಳದೇ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ತರಗತಿ, ತವರು ಗುಡೇಮಾರನಹಳ್ಳಿಯಲ್ಲಿ. ತಪ್ಪಿದ್ದರೆ ಓದುವವರೇ ಸರಿ ಮಾಡಿಕೊಳ್ಳಬೇಕು.

ಅವಳು ಓದಿದ್ದು ಮೊನಾಯ್ಡಲ್ ಫಂಕ್ಟರ್ ಅನ್ನುವುದನ್ನು. ಈ ಎರಡು ಮಾತು ನನ್ನ ನಾಲಿಗೆಗೆ ಹೊರಳಲು ಒಂದು ವಾರ ಹಿಡಿಯಿತು. ಈಗ ಯಾರು ಕೇಳಿದರೂ, ಕೇಳದಿದ್ದರೂ, ಸಲೀಸಾಗಿ ಹೇಳುತ್ತೇನೆ. ಅದು ಗಣಿತವಂತೆ. ಆದರೆ ಅವಳ ಹಾಳೆಗಳಲ್ಲಿ ನಾನು ಕಂಡ ಹಾಗೆ ಕೂಡುವುದಿಲ್ಲ, ಕಳೆಯುವುದಿಲ್ಲ, ಅಂಕಿಗಳೇ ಅಪರೂಪ. ಎಲ್ಲಿ ನೋಡಿದರೂ ಬಾಣಗಳು. ಅಲ್ಲಿಂದ ಇಲ್ಲಿಗೆ ಒಂದು, ಇಲ್ಲಿಂದ ಕೆಳಕ್ಕೆ ಒಂದು.

ನಮ್ಮ ಮನೆ ರಾಮನಗರದಲ್ಲಿ, ಮಾಗಡಿ ಕಡೆಗೆ ಹೊರಳುವ ರಸ್ತೆಯ ಪಕ್ಕ. ಹಿತ್ತಲಿನಲ್ಲಿ ಶೀಟಿನ ಮಾಡು, ಅದರ ಕೆಳಗೆ ರೇಷ್ಮೆ ನೂಲು ತೆಗೆಯುವ ಬೇಸಿನ್ನು. ಮದುವೆಯಾಗಿ ಬಂದಾಗಿನಿಂದ ನಾನು ಕೂತಿರುವುದು ಅದರ ಮುಂದೆಯೇ. ಬಿಸಿನೀರಿನಲ್ಲಿ ಗೂಡು ಬೇಯಿಸಬೇಕು, ಎಳೆಯ ತುದಿ ಹುಡುಕಬೇಕು, ಹತ್ತಾರು ಗೂಡಿನ ಎಳೆ ಒಟ್ಟು ಮಾಡಿ ರಾಟೆಗೆ ಹತ್ತಿಸಬೇಕು. ನನ್ನ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೆ ನಾನು ಯಾರೆಂದು ಯಾವ ತಿಂಗಳೂ ಗೊತ್ತಾಗುವುದಿಲ್ಲ.

ಗೂಡಿನಲ್ಲಿ ಎರಡು ಬಗೆ ನಮಗೆ ಬರುತ್ತದೆ: ಹಳದಿಯ ಮಿಶ್ರತಳಿ, ಬಿಳಿಯ ಬೈವೋಲ್ಟೀನ್. ಹಳದಿಯದು ತೆಳು, ಬೇಗ ಬೇಯುತ್ತದೆ. ಬಿಳಿಯದು ದಪ್ಪ, ನಿಧಾನ. ಎರಡನ್ನೂ ಒಂದೇ ಬೇಸಿನ್ನಿಗೆ ಹಾಕಿದರೆ ಹಳದಿ ಬೆಂದು ಹಣ್ಣಾಗುವ ಹೊತ್ತಿಗೂ ಬಿಳಿ ಬಿಚ್ಚಿಕೊಂಡಿರುವುದಿಲ್ಲ. ಎಳೆ ಹರಿಯುತ್ತದೆ, ನೂಲಿನ ತುಂಬ ಗಂಟು. ಅದಕ್ಕೇ ಬೇರೆ ಬೇರೆ ಬುಟ್ಟಿ, ಬೇರೆ ಬೇರೆ ಹೊತ್ತು. ಬೇಕಾದವರು ಆಮೇಲೆ ಎರಡು ನೂಲನ್ನು ಸೇರಿಸಿ ಹುರಿ ಹಾಕಿಕೊಳ್ಳುತ್ತಾರೆ. ಇದನ್ನು ಸೊಸೆ ಬಂದ ಮೊದಲ ವಾರವೇ ಅವಳಿಗೆ ಹೇಳಿದ್ದೆ. ಆಮೇಲೂ ಹೇಳುತ್ತಲೇ ಇದ್ದೆ.

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಪುಸ್ತಕ ವಾಪಸು ಬಂತು. ಪರೀಕ್ಷೆಗೆಂದು ಬರೆದುಕೊಟ್ಟಿದ್ದ ದಪ್ಪ ಪುಸ್ತಕ, ನಾಲ್ಕು ವರ್ಷದ ಕೆಲಸ. ಪರೀಕ್ಷಕರೊಬ್ಬರು, ಒಂದು ಕಡೆ ಇದೂ ಅದೂ ಒಂದೇ ಎಂದು ಬರೆದಿದ್ದೀಯ, ಹೇಗೆ ಒಂದೇ ಎಂದು ತೋರಿಸಿಲ್ಲ, ಅದು ನಿಲ್ಲದಿದ್ದರೆ ಅದರ ಮೇಲೆ ಕಟ್ಟಿದ್ದೂ ನಿಲ್ಲುವುದಿಲ್ಲ ಎಂದು ಬರೆದಿದ್ದರಂತೆ. ಸರಿ ಮಾಡಿಕೊಡಲು ಒಂದೇ ಒಂದು ಅವಕಾಶ. ಅದೂ ತಪ್ಪಿದರೆ ಮುಗಿಯಿತು.

ಅವಳು ಮನೆಗೆ ಬಂದು ಕೂತಳು. ಊಟಕ್ಕೆ ಕರೆದರೆ ಬರುವಳು, ಮುದ್ದೆಯನ್ನು ಅರ್ಧ ಮುರಿದು ಸಾರಿನಲ್ಲಿ ಆ ಕಡೆ ಈ ಕಡೆ ಹೊರಳಿಸಿ ಎದ್ದುಬಿಡುವಳು. ಉಳಿದ ಅರ್ಧ ಮುದ್ದೆ ತಟ್ಟೆಯಲ್ಲಿ ಹಾಗೇ. ಸೊಸೆ ಅದನ್ನು ದಿನಾ ಎತ್ತಿ ಪಕ್ಕದ ಮನೆ ಹಸುವಿನ ಮುಸುರೆ ಬಾನಿಗೆ ಹಾಕುವಾಗ ಮುಖ ಆಚೆ ತಿರುಗಿಸಿಕೊಳ್ಳುವಳು. ನನ್ನ ತಟ್ಟೆಯಲ್ಲೂ ಅರ್ಧ ಉಳಿಯುತ್ತಿತ್ತು.

ಆಷಾಢದ ಗಾಳಿ ಶೀಟನ್ನು ಬಡಿಯುತ್ತಿದ್ದ ಒಂದು ಬೆಳಗ್ಗೆ ಅವಳು ಬೇಸಿನ್ನಿನ ಹತ್ತಿರ ಬಂದು ಮೆಟ್ಟಿಲ ಮೇಲೆ ಕೂತಳು.

"ಅದೇನವ್ವ ಅಂತಾದ್ದು, ನಂಗೂ ಒಸಿ ಹೇಳು" ಅಂದೆ.

"ನಿಂಗೆ ಹೆಂಗಜ್ಜಿ ಹೇಳ್ಲಿ?"

"ಬಾಯಲ್ಲಿ ಹೇಳು. ನಾನೇನು ಪರೀಕ್ಷೆ ಬರ್ಯಾಕೆ ಹೋಯ್ತೀನಾ?"

ಎಷ್ಟೋ ದಿನದ ಮೇಲೆ ನಕ್ಕಳು. ಎರಡು ಬುಟ್ಟಿಯಿಂದ ಒಂದೊಂದು ಗೂಡು ಎತ್ತಿಕೊಂಡಳು.

"ಎರಡು ಲೋಕ ಅಂದ್ಕೊ. ಒಂದು ಗೂಡಿಂದು, ಒಂದು ನೂಲಿಂದು. ಗೂಡಿನ ಲೋಕದಲ್ಲಿ ಎರಡು ರಾಶಿ ಸೇರಿಸ್ಬೋದು. ನೂಲಿನ ಲೋಕದಲ್ಲಿ ಎರಡು ನೂಲು ಸೇರಿಸ್ಬೋದು. ಸರಿನಾ?"

"ಸರಿ ಮುಂದಕ್ಕೇಳು."

"ಆ ಲೋಕದಿಂದ ಈ ಲೋಕಕ್ಕೆ ಒಯ್ಯೋದೇ ಫಂಕ್ಟರ್ರು. ಇಲ್ಲಿ ನಿನ್ನ ಬೇಸಿನ್ನೇ ಫಂಕ್ಟರ್ರು ಅನ್ಕೊ. ಬರೀ ಒಯ್ದ್ರೆ ಸಾಲ್ದು, ಸೇರಿಸೋ ಕೆಲಸಾನೂ ಕೆಡದಂಗೆ ಒಯ್ಬೇಕು. ಮೊದ್ಲು ಗೂಡು ಸೇರಿಸಿ ನೂಲು ತೆಗೆದ್ರೂ, ಬೇರೆ ಬೇರೆ ನೂಲು ತೆಗ್ದು ಆಮೇಲೆ ಸೇರಿಸಿದ್ರೂ ಎರಡೂ ಒಂದೇ ಅಂತ ನಾನು ಬರ್ದಿದೀನಿ. ಅದನ್ನೇ ತೋರಿಸು ಅಂತವ್ರೆ. ಮೂರು ತಿಂಗಳಾಯ್ತು, ಆಗ್ತಿಲ್ಲ."

ನನ್ನ ಕೈಯಲ್ಲಿದ್ದ ಎಳೆ ಜಾರಿ ನೀರಿಗೆ ಬಿತ್ತು.

"ಅದೆಂಗೆ ಒಂದೇ ಆದದು? ಬಿಳೀದೂ ಹಳದೀದೂ ಸೇರ್ಸಿ ಬೇಯಿಸಿದ್ರೆ ಏನಾಯ್ತದೆ ಅಂತ ನಿಮ್ಮವ್ವನ್ನ ಕೇಳು!"

ಒಳಗಿನಿಂದ ಸೊಸೆ, "ನನ್ಯಾಕೆ ಎಳೀತೀರಿ ಅತ್ತೆ, ನಾನು ಮಾಡಿದ್ದು ಒಂದೇ ಸಲ!" ಅಂದಳು.

"ಬೇರೆ ಬೇರೆ ತೆಗ್ದಿದ್ದನ್ನ ಆಮೇಲೆ ಸೇರಿಸ್ಬೋದು" ಎಂದು ನಾನು ಮೊಮ್ಮಗಳಿಗೆ ಹೇಳಿದೆ. "ಸೇರ್ಸಿ ತೆಗ್ದಿದ್ದನ್ನ ಬೇರೆ ಮಾಡಕಾಯ್ತದಾ? ಹೋಗೋಕೆ ದಾರಿ ಐತೆ, ವಾಪಸ್ ಬರೋಕಿಲ್ಲ. ಒಂದೇ ತಳಿ, ಒಂದೇ ದಿನದ ಗೂಡಾದ್ರೆ ಎಂಗೆ ಮಾಡಿದ್ರೂ ಒಂದೇ ಅನ್ನು, ಒಪ್ಪತೀನಿ. ಎಲ್ಲಾ ಗೂಡ್ಗೂ ಅಂಗೇ ಅಂದ್ರೆ ನಾನೂ ಒಪ್ಪಾಕಿಲ್ಲ, ಆ ಪರೀಕ್ಷೆಯೋರೂ ಒಪ್ಪಾಕಿಲ್ಲ."

ಅವಳು ಬಿಳಿ ಗೂಡನ್ನೂ ಹಳದಿ ಗೂಡನ್ನೂ ಅಂಗೈಯಲ್ಲಿ ಉರುಳಿಸಿ ನೋಡಿದಳು. "ನಂಗೂ ಅನುಮಾನ ಇತ್ತಜ್ಜಿ" ಅಂದಳು. "ಒಪ್ಕೊಳ್ಳೋಕೆ ಮನಸ್ಸಿರ್ಲಿಲ್ಲ. ಒಪ್ಕೊಂಡ್ರೆ ಅರ್ಧ ಪುಸ್ತಕ ಹೋಯ್ತದೆ."

"ಹೋದ್ರೆ ಹೋಗ್ಲಿ. ಹರಿಯೋ ನೂಲು ರಾಟೆ ಮೇಲಿದ್ದು ಏನು ಬಂತು?"

ಎದ್ದು ಹೊರಟವಳು ಮತ್ತೆ ನಿಂತು ಕೇಳಿದಳು. "ಅಜ್ಜಿ, ಗೂಡೇ ಹಾಕ್ದಿದ್ರೆ ಬೇಸಿನ್ನಲ್ಲಿ ಏನೂ ಇರಲ್ಲ ತಾನೆ?"

"ಯಾಕಿರಲ್ಲ? ನಿನ್ನೆ ಬೇಯಿಸಿದ ನೀರಲ್ಲಿ ಅಂಟು ಉಳ್ಕೊಂಡಿರ್ತದೆ. ಆ ಅಂಟಿದ್ರೇ ಇವತ್ತಿನ ಎಳೆ ನುಣುಪು. ಖಾಲಿ ಅಂತ ಚೆಲ್ಲಿದ್ರೆ ಕೆಲ್ಸ ಕೆಟ್ಟಂಗೇ."

ಅವಳು ಗೋಡೆಯ ಕ್ಯಾಲೆಂಡರಿನ ಹಾಳೆ ಕಿತ್ತು ಅದರ ಹಿಂದೆ ಏನೋ ಬರೆದುಕೊಂಡಳು. ಆ ತಿಂಗಳ ಏಕಾದಶಿ ಯಾವತ್ತೆಂದು ಆಮೇಲೆ ನಮಗೆ ಗೊತ್ತೇ ಆಗಲಿಲ್ಲ.

ನಾನು ಹೊಸದೇನನ್ನೂ ಹೇಳಿಕೊಡಲಿಲ್ಲ, ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಹಿಂದಕ್ಕೆ ಬರಲಾಗದ ಇಂಥ ದಾರಿಗೆ ಗಣಿತದವರು ಮೊದಲೇ ಲ್ಯಾಕ್ಸ್ ಎಂದು ಹೆಸರಿಟ್ಟಿದ್ದಾರಂತೆ. ಹೋಗಿಬರಲಾಗುವುದಕ್ಕೆ ಸ್ಟ್ರಾಂಗ್ ಅನ್ನುತ್ತಾರಂತೆ. ಅವಳು ಸ್ಟ್ರಾಂಗ್ ಎಂದು ಹಿಡಿದಿದ್ದ ಹಟವನ್ನು ಬಿಟ್ಟಳು, ಲ್ಯಾಕ್ಸ್ ಎಂದು ಒಪ್ಪಿ ಮತ್ತೆ ಮೊದಲಿನಿಂದ ಕಟ್ಟಿದಳು. ಮೂರು ರಾಶಿ ಇದ್ದಾಗ ಮೊದಲಿನೆರಡನ್ನು ಮುಂಚೆ ಸೇರಿಸಿದರೂ ಕೊನೆಯೆರಡನ್ನು ಮುಂಚೆ ಸೇರಿಸಿದರೂ ಕಡೆಗೆ ಒಂದೇ ಕಡೆ ಬಂದು ಮುಟ್ಟಬೇಕಂತೆ. ಗೂಡು ಹಾಕದ ಬೇಸಿನ್ನಿನಲ್ಲೂ ಏನೋ ಉಳಿದಿರುತ್ತದಲ್ಲ, ಅದಕ್ಕೂ ಒಂದು ಬಾಣ ಬೇಕಂತೆ. ಅದನ್ನೆಲ್ಲ ನೋಡಲು ಒಂದು ತಿಂಗಳು. ಅರ್ಧ ಪುಸ್ತಕ ಹೋಗುತ್ತದೆ ಅಂದಿದ್ದಳು, ಎರಡು ಅಧ್ಯಾಯ ಹೋಯಿತು. ಉಳಿದದ್ದು ನಿಂತಿತು ಎಂದಳು. ಅವಳು ಅಂದರೆ ಆಯಿತೇ? ಆ ಪರೀಕ್ಷಕರು ಅನ್ನಬೇಕಲ್ಲ.

ಅವರು ಅನ್ನಬೇಕಾದ ದಿನವೇ ಆ ಗುರುವಾರ. ಬೆಳಗಿನ ರೈಲಿಗೆ ಅವಳು ಯೂನಿವರ್ಸಿಟಿಗೆ ಹೊರಟಳು, ಜೊತೆಗೆ ನನ್ನ ಮಗ. ನಮ್ಮ ಯಜಮಾನರು ಮನೆಯಲ್ಲಿ ನಿಲ್ಲಲಾರದೆ ಒಂದು ಡಬ್ಬಿ ಬೆಣ್ಣೆ ಹಿಡಿದು ದೊಡ್ಡಮಳೂರಿಗೆ ಹೊರಟರು, ಅಂಬೆಗಾಲು ಕೃಷ್ಣನಿಗೆ ಕೊಡಲು.

"ಅಲ್ಲಿ ಮಕ್ಕಳಾಗ್ಲಿ ಅಂತ ಹರಕೆ ಹೊರ್ತಾರೆ ಕಣ್ರೀ, ಪರೀಕ್ಷೆಗಲ್ಲ!" ಅಂದೆ.

"ಇರ್ಲಿ ಬುಡಮ್ಮಿ. ಬೆಣ್ಣೆ ತಿಂದ್ಮೇಲೆ ಇದು ನನ್ನ ಇಲಾಖೆ ಅಲ್ಲ ಅಂತಾನಾ?"

ಅವಸರದಲ್ಲಿ ಫೋನನ್ನು ಕಿಟಕಿಯ ಮೇಲೇ ಬಿಟ್ಟು ಹೋದರು.

ಹನ್ನೊಂದಕ್ಕೆ ಶುರು ಎಂದಿದ್ದಳು. ಹನ್ನೊಂದಾಯಿತು. ನಾನು ಬಾಗಿಲಿಗೆ ಹೋದೆ, ಬಂದೆ. ಅವರೆಕಾಯಿ ಸುಲಿಯಲು ಕೂತೆ, ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕಿದೆ. ಸೊಸೆ ಮೊರವನ್ನು ಕಿತ್ತುಕೊಂಡಳು. ಮಗನಿಗೆ ಫೋನ್ ಮಾಡಿದೆ, "ಒಳಗವ್ಳೆ ಕಣವ್ವ, ಮಾಡ್ಬೇಡ" ಅಂದ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಅವನು ಎತ್ತಲೇ ಇಲ್ಲ. ಕೈಗೆ ಕೆಲಸ ಕೊಟ್ಟರೆ ಜೀವ ನಿಂತೀತೆಂದು ಬೇಸಿನ್ನಿನ ಮುಂದೆ ಕೂತೆ. ಗೂಡು ಹಾಕಿದೆ, ಬೇಯಿಸಿದೆ, ಎಳೆ ಹಿಡಿದೆ. ಹರಿಯಿತು. ಮತ್ತೆ ಹಿಡಿದೆ. ಮತ್ತೆ ಹರಿಯಿತು. ರಾಟೆಯ ಮೇಲೆ ಗಂಟಿನ ಮೇಲೆ ಗಂಟು. ನೀರು ಸರಿಯಿಲ್ಲ, ಉರಿ ಸರಿಯಿಲ್ಲ ಎಂದು ಬೈಯುತ್ತಿದ್ದೆ.

ಸೊಸೆ ಬಂದು ಬಗ್ಗಿ ನೋಡಿದಳು.

"ಅಯ್ಯೋ ಅತ್ತೆ! ಇದೇನು ಮಾಡ್ಬುಟ್ರಿ?"

ನೋಡಿದೆ. ನೀರಿನಲ್ಲಿ ಬಿಳಿಯೂ ಹಳದಿಯೂ ಒಟ್ಟಿಗೆ ತೇಲುತ್ತಿದ್ದವು. ಎರಡು ಬುಟ್ಟಿಯನ್ನೂ ನಾನೇ ಸುರಿದಿದ್ದೆ.

"ಮೂವತ್ತು ವರ್ಷದಿಂದ ಒಂದು ಸಲದ್ದಕ್ಕೆ ನನ್ನ ಆಡ್ಕೊಂಡ್ರಿ" ಎಂದು ಸೊಸೆ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇನ್ಮೇಲೆ ಅದರ ಸುದ್ದಿ ಎತ್ತಂಗಿಲ್ಲ, ಹೇಳ್ಬುಟ್ಟೆ!"

ಅವಳು ನಗುತ್ತಿದ್ದಳು, ನನಗೆ ಮಾತ್ರ ನಗು ಬರಲಿಲ್ಲ. ಅಲ್ಲಿ ಆ ಹುಡುಗಿ ಇದೇ ಮಾತಿಗೆ ಉತ್ತರ ಕೊಡುತ್ತಾ ನಿಂತಿದ್ದಾಳೆ, ಇಲ್ಲಿ ನಾನು ಇದನ್ನೇ ಕೆಡಿಸಿಕೊಂಡು ಕೂತಿದ್ದೇನೆ. ಜರಡಿ ಸೌಟು ತಂದು ಬಿಳಿಯದನ್ನು ಒಂದೊಂದಾಗಿ ಆಚೆ ತೆಗೆಯತೊಡಗಿದೆ. ಹಾಗೆ ತೆಗೆದು ಪ್ರಯೋಜನವಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆಗಲೇ ಎಳೆಗಳೆಲ್ಲ ಒಂದರೊಳಗೊಂದು ಸೇರಿ ರಾಟೆಗೆ ಏರಿದ್ದವು. ಆದರೂ ತೆಗೆಯುತ್ತಲೇ ಇದ್ದೆ. ಗಂಟೆ ಒಂದಾಯಿತು, ಎರಡಾಯಿತು. ಸೊಸೆಯೂ ನಗುವುದನ್ನು ಬಿಟ್ಟು ಪಕ್ಕದಲ್ಲಿ ಕೂತು ತೆಗೆಯತೊಡಗಿದಳು.

ಮೂರೂಕಾಲಿಗೆ ಫೋನ್ ಬಂತು. ಕೈ ಒದ್ದೆ, ಎಷ್ಟು ಒತ್ತಿದರೂ ಫೋನು ಕೇಳದು. ಸೊಸೆ ಕಿತ್ತುಕೊಂಡು ಒತ್ತಿದಳು.

"ಅಜ್ಜಿ, ಆಯ್ತು!"

"ಏನಾಯ್ತು? ಸರಿಯಾಗಿ ಬೊಗಳೇ!"

"ಪಾಸು! ಡಾಕ್ಟರೇಟ್ ಆಯ್ತು! ಅವ್ರೇ ಅಜ್ಜಿ, ವಾಪಸ್ ಕಳ್ಸಿದ್ರಲ್ಲ, ಅವ್ರೇ ಕೇಳಿದ್ರು. ಯಾಕೆ ಹಿಂದಕ್ಕೆ ಬರೋಕಾಗಲ್ಲ, ಗಣಿತ ಬಿಟ್ಟು ಬೇರೆ ಮಾತಲ್ಲಿ ಹೇಳು ಅಂತ. ನಾನು ನಿನ್ನ ಬೇಸಿನ್ ಹೇಳ್ದೆ!"

"ನನ್ನ ಬೇಸಿನ್ನಾ?"

"ಬಿಳಿ ಗೂಡು, ಹಳದಿ ಗೂಡು, ಎಲ್ಲಾ! ಅವ್ರು ಪೆನ್ನು ಕೆಳಗಿಟ್ಟು ನಕ್ಕುಬುಟ್ರು. ಈಗ ಸರಿಯಾಯ್ತು ಅಂದ್ರು."

ಸೊಸೆ ನನ್ನ ಭುಜದ ಮೇಲಿಂದ ಬಾಗಿ ಫೋನಿಗೆ ಕೂಗಿದಳು: "ಬೇಗ ಬಾ ಮಗ, ನಿಮ್ಮಜ್ಜಿ ಇವತ್ತು ಅದನ್ನ ಮಾಡೇ ತೋರಿಸವ್ರೆ!" ಆಮೇಲೆ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ನಾನು ಅವಳನ್ನು ಹಿಡಿದುಕೊಂಡೆ, ಸೌಟು ಕೈಯಲ್ಲೇ ಇತ್ತು.

ಯಜಮಾನರು ಬಂದದ್ದು ಸಂಜೆ ಐದಕ್ಕೆ. ಬೀದಿಯ ತುದಿಯಲ್ಲಿ ನಿಂತಿದ್ದವರೇ ಅವರಿಗೆ ಹೇಳಿಯಾಗಿತ್ತು, ನಾನು ಅಷ್ಟು ಚೆನ್ನಾಗಿ ಸುದ್ದಿ ಹಬ್ಬಿಸಿದ್ದೆ.

"ನೋಡ್ದಾ?" ಅಂದರು ಡಬ್ಬಿ ಆಡಿಸುತ್ತಾ. "ಬೆಣ್ಣೆ ಕೆಲ್ಸ."

"ನೀವು ಎಷ್ಟೊತ್ಗೆ ಕೊಟ್ರಿ?"

"ನಾನು ಹೋಗೋಷ್ಟ್ರಲ್ಲಿ ಬಾಗ್ಲು ಹಾಕ್ಬುಟ್ಟಿದ್ರು, ಪೂಜಾರಪ್ಪ ಮತ್ತೆ ತೆಗ್ದಿದ್ದು ನಾಲ್ಕಕ್ಕೆ."

"ಅವ್ಳು ಪಾಸಾಗಿದ್ದು ಮೂರೂಕಾಲ್ಗೆ!"

"ಅವ್ನಿಗೆ ಗೊತ್ತಿತ್ತು ಕಣಮ್ಮಿ, ನಾನು ಬಾಗ್ಲಲ್ಲೇ ನಿಂತಿದೀನಿ ಅಂತ."

ದೀಪ ಹಚ್ಚುವ ಹೊತ್ತಿಗೆ ಮಗ, ಮೊಮ್ಮಗಳು ಬಂದರು. ಅವಳು ಚೀಲವನ್ನೂ ಇಳಿಸದೆ ನೇರ ಹಿತ್ತಲಿಗೆ ಹೋದಳು. ನಾನು ಕಾಣದಂತೆ ಮೂಲೆಗೆ ಎಸೆದಿದ್ದ ಆ ಗಂಟುನೂಲಿನ ಲಡಿಯನ್ನು ಎತ್ತಿ ಬಲ್ಬಿನ ಬೆಳಕಿಗೆ ಹಿಡಿದಳು. ಬಿಳಿ, ಹಳದಿ, ನಡುನಡುವೆ ಗಂಟು.

"ಹಾಳು ನೂಲು ಅದು, ಅಲ್ಲೇ ಬುಡು" ಅಂದೆ.

"ಇದೇ ಬೇಕು ನಂಗೆ. ಪುಸ್ತಕದ ಜೊತೆ ಇಟ್ಕೊತೀನಿ."

ಅದನ್ನು ಮಡಚಿ ಚೀಲದೊಳಗೆ ಹಾಕಿಕೊಂಡಳು.

ಊಟಕ್ಕೆ ಐವರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ಹಿತಕಿದ ಅವರೆಕಾಳಿನ ಸಾರು, ಮುದ್ದೆ, ಮಗ ತಂದಿದ್ದ ಮೈಸೂರು ಪಾಕು. ಸೊಸೆಗೂ ನಮ್ಮ ಜೊತೆಗೇ ತಟ್ಟೆ ಹಾಕಿಸಿದೆ, ಬಡಿಸುವುದು ಆಮೇಲೆ ನೋಡಿದರಾಯಿತೆಂದು. ಯಜಮಾನರು ಬೆಣ್ಣೆಯ ಕತೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು. ಮಗ, ತಾನು ಬಾಗಿಲ ಹೊರಗೆ ಕೂತು ಒಳಗಿನ ಮಾತಿಗೆ ಕಿವಿಗೊಟ್ಟರೆ ಬರೀ ಫ್ಯಾನಿನ ಸದ್ದೇ ಕೇಳಿತೆಂದು ಹೇಳಿ ನಗಿಸಿದ. ನಾನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನನ್ನ ಕಣ್ಣು ಅವಳ ತಟ್ಟೆಯ ಮೇಲಿತ್ತು. ಅರ್ಧ ಮುದ್ದೆ ಆಯಿತು. ಅವಳು ಏಳಲಿಲ್ಲ. ಉಳಿದರ್ಧವನ್ನೂ ಮುರಿದು ನುಂಗಿದಳು. ಬೆರಳಿಂದ ಸಾರು ಬಳಿದಳು.

"ಅಮ್ಮ, ಇನ್ನೊಂದು ಮುದ್ದೆ" ಅಂದಳು.

ಸೊಸೆ ಎಂಜಲು ಕೈಯನ್ನೂ ಲೆಕ್ಕಿಸದೆ ಎದ್ದು, ಮುದ್ದೆಯ ಪಾತ್ರೆಯನ್ನೇ ಎತ್ತಿ ತಂದು ಅವಳ ಮುಂದೆ ಇಟ್ಟಳು. ಆಮೇಲೆ ನಾನೂ ಉಣ್ಣಲು ಶುರು ಮಾಡಿದೆ.