ನಿಜಾಮಚಾಚಾನ ಐದನೇ ರೀಲು

ಡೋಣಿ ಹೊಳೆಯ ನೀರು ಮುಟ್ಟಿ ಹೇಳುತ್ತೇನೆ, ಇದೆಲ್ಲ ನಡೆದದ್ದೇ. ಅಲ್ಲಲ್ಲಿ ಒಂದಿಷ್ಟು ಎಳೆದು ಉದ್ದ ಮಾಡಿರಬಹುದು. ಸುಳ್ಳು ಮಾತ್ರ ಬೆರೆಸಿಲ್ಲ.

ಸಿಂದಗಿಯಲ್ಲಿ ಸೂರ್ಯ ಇನ್ನೂ ಹುಟ್ಟಬೇಕು. ಅಂಗಳದ ಹೊರಸಿನ ಮೇಲೆ ಅರವತ್ತೆಂಟರ ನಿಜಾಮುದ್ದೀನ ಕಣ್ಣು ಮುಚ್ಚಿ ಕುಳಿತಿದ್ದಾರೆ. ನಿದ್ದೆಯಲ್ಲ, ಕೆಲಸ. ತೊಡೆಯ ಮೇಲೆ ಹಳೇ ಸಿನಿಮಾ ರೀಲು. ಎರಡು ಬೆರಳಿನ ನಡುವೆ ಅದು ಸರಸರ ಜಾರುತ್ತದೆ. ಅಂಚಿನ ತೂತು ಹರಿದಲ್ಲಿ ಬೆರಳು ಗಕ್ಕನೆ ನಿಲ್ಲುತ್ತದೆ. ಅಲ್ಲೊಂದು ಟೇಪಿನ ತುಂಡು ಅಂಟಿಸಿ ಮುಂದೆ.

‘ಕಣ್ಣ ತೆರದ್ರ ಏನ ಆಗತೈತ್ರಿ ಚಾಚಾ?’ ನಾನು ಕೇಳುತ್ತೇನೆ.

‘ಆಣಿ ಮುರೀತೈತ್ರಿ. ಎಲ್ಲಾರ ಕೂಡ ಕುಂತ ನೋಡ್ತೇನಿ, ಅದಕ್ಕಿಂತ ಮೊದ್ಲ ಒಂದ ಚಿತ್ರಾನೂ ನೋಡಂಗಿಲ್ಲ ಅಂತ ತಾಳಿಕೋಟಿ ಲಕ್ಕವ್ವಕ್ಕಗ ಮಾತ ಕೊಟ್ಟೇನಿ.’

ಚಾಚಾ ಟೂರಿಂಗ್ ಟಾಕೀಸಿನ ಆಪರೇಟರ್ ಆಗಿದ್ದವರು. ಡೇರೆ ಶಾಶ್ವತವಾಗಿ ಕಿತ್ತ ದಿನ ಮಾಲೀಕ ಒಂದು ಸಣ್ಣ ಪ್ರೊಜೆಕ್ಟರನ್ನೂ ಒಂದು ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾವನ್ನೂ ಇವರ ಕೈಗಿಟ್ಟು ಹೋದ. ಕಥೆ ಇಷ್ಟೇ: ಒಬ್ಬ ಪ್ರೊಫೆಸರ್, ಅವನ ಮಗಳು ಮತ್ತು ನಾಲ್ವರು ಬೇಟೆಗಾರರು ಹಾರುವ ಹಡಗಿನಲ್ಲಿ ಮೋಡದಾಚೆಯ ಗುಡ್ಡಕ್ಕೆ ಹೋಗುತ್ತಾರೆ. ಅಲ್ಲಿ ಕೋಟಿ ವರ್ಷ ಹಿಂದಿನ ಕಾಡು ಇದ್ದಂತೆಯೇ ಇದೆ. ತಾಳೆಮರದಷ್ಟು ಕುತ್ತಿಗೆಯ ಒಂದು ತಾಯಿಪ್ರಾಣಿ ಮೊಟ್ಟೆ ಕಾಯುತ್ತಿದೆ. ನಾಲ್ಕನೇ ರೀಲಿನ ಕೊನೆಗೆ ಬೇಟೆಗಾರರ ಹಡಗು ಅದರ ತಲೆಯ ಮೇಲೆ ಬಂದು ನಿಲ್ಲುತ್ತದೆ. ಐದನೇ ರೀಲು ಮಾತ್ರ ಚಾಚಾ ಕೆಲಸಕ್ಕೆ ಸೇರುವ ಮೊದಲೇ ಕಳೆದಿತ್ತು.

ಪ್ರೊಜೆಕ್ಟರಿನ ಧ್ವನಿಯೂ ಸತ್ತಿತ್ತು. ಹಾಗಾಗಿ ಮೂವತ್ತೊಂದು ವರ್ಷದಿಂದ ಪ್ರೊಫೆಸರ್, ಮಗಳು, ಪ್ರಾಣಿ, ಗಾಳಿ, ಮಳೆ ಎಲ್ಲಕ್ಕೂ ಚಾಚಾನದೇ ಗಂಟಲು. ವರ್ಷಕ್ಕೆ ನೂರೈವತ್ತು ಆಟ, ಆಟಕ್ಕೆ ನಲವತ್ತೊಂದು ಗರ್ಜನೆ. ಹಾಡುಹಗಲು ಸಾಲಿಯ, ಅಂದರೆ ಊರ ಶಾಲೆಯ, ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡುತ್ತಾರೆ. ಪ್ರೊಜೆಕ್ಟರು ಹದಿನೆಂಟು ಕಿಲೋ. ಬಸ್ಸಿಗೆ ಹತ್ತಿಸಿದರೆ ಕಂಡಕ್ಟರ್, ‘ಚಾಚಾ, ನಿಮ್ಮ ಪ್ರಾಣಿಗೆ ಕಿಟಕಿ ಸೀಟ ಬೇಕೇನ್ರಿ?’ ಎಂದು ಕಾಡಿಸುತ್ತಾನೆ. ಮನಗೂಳಿಯಲ್ಲಿ ಒಮ್ಮೆ ಇವರು ಗರ್ಜಿಸಿದ ಹೊಡೆತಕ್ಕೆ ಎದುರಿನ ಹೋಟೆಲಿನ ಮಿರ್ಚಿಭಜಿ ಬಾಣಲೆಯಿಂದ ತಾವೇ ಎದ್ದು ತಟ್ಟೆಗೆ ಬಿದ್ದವು. ಅದರಲ್ಲಿ ಎರಡು ನಾನೇ ತಿಂದಿದ್ದೇನೆ.

ಇಲ್ಲದ ರೀಲಿನ ಕಥೆಯನ್ನು ಚಾಚಾ ಬಾಯಲ್ಲೇ ಮುಗಿಸುತ್ತಿದ್ದರು, ಊರಿಗೊಂದು ಥರ. ಇಂಡಿಯಲ್ಲಿ ತಾಯಿಪ್ರಾಣಿ ಒಂದು ಬುಟ್ಟಿ ನಿಂಬೆಹಣ್ಣು ಮೂಸಿ ಸೀನುತ್ತದೆ, ಬೇಟೆಗಾರರು ಹಾರಿ ಭೀಮಾ ಹೊಳೆಗೆ ಬೀಳುತ್ತಾರೆ. ಬಸವನ ಬಾಗೇವಾಡಿಯಲ್ಲಿ ಪ್ರೊಫೆಸರನ ಮಗಳು ಬಂದೂಕಿಗೆ ಅಡ್ಡ ನಿಲ್ಲುತ್ತಾಳೆ. ಯಾವ ಊರಲ್ಲೂ ಪ್ರಾಣಿ ಸಾಯುವುದಿಲ್ಲ.

ಹೋದ ತಿಂಗಳು ತಾಳಿಕೋಟೆಯ ಲಕ್ಕವ್ವ ಅಟ್ಟ ಸ್ವಚ್ಛ ಮಾಡುವಾಗ ಒಂದು ಗಂಟು ಸಿಕ್ಕಿತು. ಆಕೆಯ ಮಾವ ಅದೇ ಟಾಕೀಸಿನ ಗೇಟು ಕಾಯುತ್ತಿದ್ದವರು. ಅವರು ಮನೆಗೆ ತಂದಿಟ್ಟಿದ್ದ ದುಂಡನೆಯ ಡಬ್ಬಿ ಹಪ್ಪಳಕ್ಕೆ ಬೇಕೆಂದು ಅತ್ತೆ ಒಳಗಿನ ಸುರುಳಿಯನ್ನು ಅರಿವೆಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆದಿದ್ದರು. ಅದೇ ಐದನೇ ರೀಲು! ‘ಒಬ್ಬರ ನೋಡಬ್ಯಾಡ್ರಿ ಯಣ್ಣಾ, ನಾನೂ ಬರ್ತೇನಿ’ ಎಂದು ಲಕ್ಕವ್ವ ಆಣೆ ಹಾಕಿಸಿಕೊಂಡೇ ಕೊಟ್ಟರು.

ಸುದ್ದಿ ನಾಲ್ಕು ತಾಲೂಕು ಸುತ್ತಿತು. ಯಾವ ಊರಿನ ಕಥೆ ಖರೇ ಎಂದು ನೋಡಲು ಮುದ್ದೇಬಿಹಾಳದ ಸಾಲಿಗೆ ಜನವೋ ಜನ. ಅದೇ ದಿನ ಬೆಳಗಿನ ಹನ್ನೊಂದು ಗಂಟೆ. ಚಾಚಾ ಪ್ರೊಜೆಕ್ಟರಿಗೆ ರೀಲು ಏರಿಸುತ್ತ ನನ್ನ ಕಿವಿಯಲ್ಲಿ ಉಸುರುತ್ತಾರೆ.

‘ಪ್ರಾಣಿ ಸತ್ತಿದ್ರ ಮೂವತ್ತೊಂದ ವರ್ಷ ನಾ ಸುಳ್ಳ ಹೇಳ್ದಂಗ ಆತಲ್ರಿ. ನಾಕೂ ತಾಲೂಕಿನ್ಯಾಗ ಹ್ಯಾಂಗ ಮಾರಿ ತೋರಸ್ಲಿ?’

ರೀಲು ಓಡುತ್ತದೆ, ಬರೀ ಆರು ನಿಮಿಷದ್ದು. ಹಡಗು ಇಳಿಯುತ್ತದೆ. ಬೇಟೆಗಾರರು ಏಣಿಯಿಂದ ಕೆಳಗೆ ಬರುತ್ತಾರೆ. ಬಂದೂಕು. ಹೊಗೆ. ಆ ಉದ್ದನೆಯ ಕುತ್ತಿಗೆ ಮೊಟ್ಟೆಗಳ ಪಕ್ಕ ಧೊಪ್ಪನೆ ಬೀಳುತ್ತದೆ. ಮುಗಿಯಿತು.

ಚಾಚಾ ಪ್ರೊಜೆಕ್ಟರು ನಿಲ್ಲಿಸುತ್ತಾರೆ. ಇಂಡಿಯ ಬಸಂತರಾಯ ಎದ್ದು ನಿಲ್ಲುತ್ತಾನೆ. ‘ಏನ ಚಾಚಾ, ಇಷ್ಟ ವರ್ಷ ನಮ್ಮ ಕಿವಿಗೆ ಹೂವಾ ಇಟ್ರ್ಯಾ?’

‘ಸುಮ್ನ ಕುಂದರೋ!’ ಲಕ್ಕವ್ವ ಗದರುತ್ತಾರೆ. ‘ಇಷ್ಟ ವರ್ಷ ಕಿವಿ ಕೊಟ್ಟಾಂವ ನೀನ ಅಲ್ಲೇನು?’ ಆಮೇಲೆ ಚಾಚಾನ ಕಡೆ ತಿರುಗಿ ಮೆಲ್ಲಗೆ, ‘ಯಣ್ಣಾ, ಆ ಮೊಟ್ಟಿ ಇನ್ನ ಕಾಯಾವ್ರ ಯಾರು?’

ಚಾಚಾ ಹಣೆ ಒರೆಸಿಕೊಳ್ಳುತ್ತಾರೆ. ಪ್ರೊಜೆಕ್ಟರಿಗೆ ಒಂದು ಹಿಂದೋಡಿಸುವ ಹಿಡಿಕೆ ಇದೆ. ರೀಲು ಸಿಕ್ಕಿಕೊಂಡಾಗ ಬಿಡಿಸಲೆಂದು ಇಟ್ಟದ್ದು. ಅದನ್ನು ಎಳೆಯುತ್ತಾರೆ.

ಹೊಗೆ ಬಂದೂಕಿನೊಳಗೆ ವಾಪಸು ಹೋಗುತ್ತದೆ! ಬಿದ್ದ ಕುತ್ತಿಗೆ ಅಲ್ಲಾಡುತ್ತದೆ!

‘ಏಳವ್ವಾ ಏಳ!’ ಚಾಚಾನ ಗಂಟಲು ಒಡೆದು ಬರುತ್ತದೆ. ‘ಎದ್ದಳ ನೋಡ್ರಿ, ಎದ್ದಳ! ಏ ಬಂದೂಕಿನಪ್ಪಾ, ಹಿಂದಕ್ಕ ಸರಿ! ಇನ್ನೂ ಹಿಂದಕ್ಕ! ಏಣಿ ಹತ್ತ ಮಗನ!’

ಬೇಟೆಗಾರರು ಹಿಮ್ಮುಖವಾಗಿಯೇ ಓಡಿ ಏಣಿ ಹತ್ತುತ್ತಾರೆ. ಹಡಗು ಮೇಲೇರಿ ಮೋಡದಲ್ಲಿ ಮಾಯ. ಸೀಟಿಯೋ ಸೀಟಿ! ಕುಣಿತಕ್ಕೆ ಕಿಟಕಿಯ ಕಂಬಳಿಗಳೆಲ್ಲ ಕಳಚಿ ಬಿದ್ದು, ಪರದೆಯ ತುಂಬ ಬಿಸಿಲು. ಬಸಂತರಾಯ ಚಾಚಾನನ್ನು ಹೆಗಲ ಮೇಲೆ ಹೊತ್ತುಬಿಟ್ಟಿದ್ದಾನೆ.

‘ಸಿನಿಮಾದವ್ರು ಒಂದ ಸಲ ಕೊಂದ್ರು,’ ಅಲ್ಲಿಂದಲೇ ಚಾಚಾ ಹೇಳುತ್ತಾರೆ. ‘ನಾ ದಿನಾ ಎಬ್ಬಸ್ತೇನ್ರಿ.’

ನಂಬಿಕೆ ಬರಲಿಲ್ಲವೇ? ನಿಮ್ಮೂರಲ್ಲೊಂದು ಗೋಡೆಗೆ ಸುಣ್ಣ ಬಳಿದು ಚಾಚಾನನ್ನು ಕರೆಸಿ. ಗರ್ಜಿಸುವವರಿಗೆ ಹಸಿವು ಜಾಸ್ತಿ, ಬಿಸಿ ರೊಟ್ಟಿ-ಎಣ್ಣೆಗಾಯಿ ತಯಾರಿರಲಿ. ಕರೆದುಕೊಂಡು ಬರುವವನು ನಾನೇ. ನನ್ನ ತಟ್ಟೆಗೆ ಎರಡು ರೊಟ್ಟಿ ಹೆಚ್ಚಿಗೆ ಇಡಿ, ಆಣೆ ಮಾಡಿ ಮಾಡಿ ನನಗೂ ಹೊಟ್ಟೆ ಹಸಿಯುತ್ತದೆ.