ಅಮ್ಮನ ಗುಮಾಸ್ತ

ಐವತ್ತರ ದಶಕದ ಕೊನೆಯಲ್ಲಿ ಸುಮಾರು ಒಂದೂವರೆ ವರ್ಷ ನಾನು ಸುಳ್ಯದಲ್ಲಿ ಒಂದು ವಿದೇಶಿ ದಂಪತಿಗೆ ದುಭಾಷಿಯಾಗಿದ್ದೆ. ಶಿಕ್ಷಕರ ತರಬೇತಿ ಮುಗಿದಿತ್ತು, ಕೆಲಸದ ಆದೇಶ ಬಂದಿರಲಿಲ್ಲ. ಪುತ್ತೂರಿನ ಪಾದ್ರಿಯೊಬ್ಬರು ಕರೆಸಿ, "ಇಬ್ಬರೂ ಅರುವತ್ತು ದಾಟಿದವರು. ಇಂಗ್ಲಿಷ್ ಅರ್ಧ ಬರ್ತದೆ. ಉಳಿದದ್ದಕ್ಕೆ ನೀವು ಬೇಕು" ಎಂದರು. ನನಗೆ ತುಳು, ಅರೆಭಾಷೆ, ಕನ್ನಡ ಮೂರೂ ಬರುತ್ತಿದ್ದವು.

ಅವರು ಯುರೋಪಿನ ಒಂದು ಹಿಮದ ಊರಿನವರು. ಆತ ನಿವೃತ್ತ ಸ್ಟೇಷನ್ ಮಾಸ್ಟರು. ರೈಲು ಇಲ್ಲದ ತಾಲೂಕಿಗೆ ಬಂದಿದ್ದರು. ಆಕೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ತಮ್ಮ ಚರ್ಚಿನ ಸಭೆ ಕೇಳಿಕೊಂಡಿತೆಂದು ಎರಡು ವರ್ಷಕ್ಕೆ ಒಪ್ಪಿ ಬಂದಿದ್ದರು. ಹೊರಡುವಾಗ ಆತ ಒಂದು ಮಾತು ಕೊಟ್ಟಿದ್ದರಂತೆ: ಅಲ್ಲಿನ ಜನರ ಮುಂದೆ ಅವರದೇ ಭಾಷೆಯಲ್ಲಿ ಒಮ್ಮೆಯಾದರೂ ಮಾತಾಡುತ್ತೇನೆ ಎಂದು. ಆ ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದು ನನ್ನಿಂದ ಕನ್ನಡ ಮಾಡಿಸಿಕೊಂಡರು. ತಮ್ಮ ಲಿಪಿಯಲ್ಲಿ ಬರೆದಿಟ್ಟುಕೊಂಡು ಮಳೆಗಾಲವಿಡೀ ಬಾಯಿಪಾಠ ಮಾಡಿದರು. ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುವಾಗ ಆತ ಬಾಗಿಲಲ್ಲಿ ನಿಂತು ಒಪ್ಪಿಸುವರು. ತಪ್ಪಿದರೆ ಆಕೆ ತಲೆ ಎತ್ತದೆ ತಿದ್ದುವರು.

ವಾರದಲ್ಲಿ ನಾಲ್ಕು ದಿನ ನಾವು ಮನೆಗಳಿಗೆ ಹೋಗುತ್ತಿದ್ದೆವು. ಆಕೆ ಮುಂದೆ, ಆತ ಹಿಂದೆ. ಮದ್ದಿನ ಚೀಲ ಆತನ ಹೆಗಲಲ್ಲಿ. ಬಿಸಿಲಿದ್ದರೆ ಕೊಡೆ ಆಕೆಯ ತಲೆಯ ಮೇಲೆ. ಬಾಗಿಲಲ್ಲಿ ಆಕೆಯನ್ನು ಮೊದಲು ಒಳಗೆ ಬಿಡುವರು, ಆಕೆ ಕೂರುವವರೆಗೆ ನಿಂತೇ ಇರುವರು. ಕೂತ ಮೇಲೆ ಪುಸ್ತಕ ತೆಗೆದು, ಯಾರು ಏನು ಹೇಳಿದರೂ ಬರೆದುಕೊಳ್ಳುವರು. ಅವರ ದೇಶದಲ್ಲಿ ಹೀಗೆ ಹಿಂದೆ ನಡೆಯುವುದು, ನಿಂತು ಕಾಯುವುದು ಹೆಂಡತಿಗೆ ತೋರಿಸುವ ಮರ್ಯಾದೆ. ನಮ್ಮಲ್ಲಿ ಹಾಗೆ ನಡೆದುಕೊಳ್ಳುವುದು ಜಮೀನುದಾರರ ಗುಮಾಸ್ತರು. ಎರಡೇ ತಿಂಗಳಲ್ಲಿ ಊರು ತೀರ್ಮಾನಿಸಿತು: ದೊಡ್ಡವರು ಅಮ್ಮ, ಈತ ಅವರ ಗುಮಾಸ್ತ.

ಜಾಲ್ಸೂರಿನ ಬಸ್ಸಿನ ಕಂಡಕ್ಟರು ಒಬ್ಬ ಬ್ಯಾರಿ, ಮಾತುಗಾರ. "ಅಮ್ಮನಿಗೆ ಮುಂದಿನ ಸೀಟು ಉಂಟು ಮಾಸ್ಟ್ರೇ. ಗುಮಾಸ್ತರು ಹಿಂದೆ ನಿಲ್ಲಲಿ, ಅವರಿಗೆ ಅಭ್ಯಾಸ ಉಂಟಲ್ಲ" ಎಂದು ನನಗೆ ಹೇಳುವನು. ಬಸ್ಸಿನಲ್ಲಿ ನಗು. ಅಮ್ಮನ ಯಜಮಾನರು ನನ್ನತ್ತ ಬಾಗಿ, ಏನಂದ ಎಂದು ಕೇಳುವರು. ಸೀಟು ಖಾಲಿ ಉಂಟಂತೆ ಎನ್ನುತ್ತಿದ್ದೆ. ತಿಂಗಳುಗಟ್ಟಲೆ ಹೀಗೆ ಅರ್ಧ ಮಾತು ನುಂಗಿದೆ. ಅವರಿಗೆ ಬೇಸರವಾಗಬಾರದು ಎಂಬುದು ಒಂದು ಕಾರಣ. ನನ್ನ ಕೆಲಸ ಹೋಗಬಾರದು ಎಂಬುದು ಇನ್ನೊಂದು.

ಮಂಡೆಕೋಲಿನ ಒಬ್ಬ ಗೌಡರ ತಾಯಿಯ ಕಾಲಿನ ಹುಣ್ಣು ಅಮ್ಮನ ಮದ್ದಿನಿಂದ ವಾಸಿಯಾಯಿತು. ಗೌಡರು ನನ್ನನ್ನು ಪೇಟೆಯಲ್ಲಿ ಹಿಡಿದು ಹೇಳಿದರು: "ಬರುವ ಭಾನುವಾರ ನಮ್ಮ ಅಂಗಳದಲ್ಲಿ ಹತ್ತು ಮನೆಯವರನ್ನು ಸೇರಿಸ್ತೇನೆ. ಅಮ್ಮ ಎಂತಾದರೂ ನಾಲ್ಕು ಮಾತು ಹೇಳಲಿ."

"ಅವರ ಯಜಮಾನರು ಮಾತಾಡಿದರೆ ಆಗದಾ?" ಎಂದೆ.

"ಗಂಡ ಅಂತ ಗೊತ್ತುಂಟು ಮಾರಾಯ್ರೆ. ಆದರೂ ಕೆಲಸ ಗುಮಾಸ್ತಿಕೆ ಅಲ್ವಾ? ಜನ ಬರುದು ಅಮ್ಮನ ಮಾತು ಕೇಳ್ಲಿಕ್ಕೆ."

ನಾನು ಮನೆಗೆ ಬಂದು, ಮಂಡೆಕೋಲಿನಲ್ಲಿ ಭಾಷಣಕ್ಕೆ ಕರೆದಿದ್ದಾರೆ ಎಂದಷ್ಟೇ ಹೇಳಿದೆ. ಆತ ಅಂದೇ ಕೋಟಿಗೆ ಇಸ್ತ್ರಿ ಹಾಕಿದರು.

ಭಾನುವಾರ ಮಧ್ಯಾಹ್ನ ಅಂಗಳ ತುಂಬಿತ್ತು. ಒಂದೇ ಒಂದು ಕುರ್ಚಿ, ಅದರಲ್ಲಿ ಅಮ್ಮ. ಆತ ಕೋಟಿನ ಗುಂಡಿ ಹಾಕಿಕೊಂಡು ಎದುರು ಬಂದು ನಿಂತರು. ಗೌಡರು ಜಗಲಿಯಿಂದಲೇ, "ಎಂತ ಮಾಸ್ಟ್ರೇ, ಗುಮಾಸ್ತರು ಯಾಕೆ ಎದ್ದದ್ದು? ಅಮ್ಮ ಮಾತಾಡಲಿ" ಎಂದರು.

ಆತ ನನ್ನ ಮುಖ ನೋಡಿದರು. ಗುಮಾಸ್ತ ಎಂಬ ಪದವನ್ನು ಅವರು ಈಚೆಗಷ್ಟೇ ಅಂಚೆ ಕಚೇರಿಯಲ್ಲಿ ಕಲಿತಿದ್ದರು. "ಎಷ್ಟು ದಿನದಿಂದ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮಳೆಗಾಲಕ್ಕೂ ಮೊದಲಿಂದ."

"ಬಸ್ಸಿನಲ್ಲಿ ನಗುತ್ತಿದ್ದದ್ದೂ ಇದಕ್ಕೇ?"

ಹೌದು ಎಂದೆ. ಆತ, "ಇನ್ನು ಮೇಲೆ ಪೂರ್ತಿ ಹೇಳಬೇಕು. ಒಂದು ಪದ ಬಿಡಬಾರದು" ಎಂದು ಹೇಳಿ, ಜೇಬಿನಿಂದ ಹಾಳೆಗಳನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಆಕೆ ಬೇಡವೆಂದು ತಲೆ ಆಡಿಸಿದರು. ಆತ ಹಾಳೆಗಳನ್ನು ಅವರ ಮಡಿಲಲ್ಲಿಟ್ಟು ಪಕ್ಕಕ್ಕೆ ಸರಿದು ನಿಂತರು.

ಆಕೆಗೆ ಹಾಳೆ ಬೇಕಾಗಲಿಲ್ಲ. ಅಷ್ಟು ತಿಂಗಳು ಕೇಳಿ ಕೇಳಿ ಎಲ್ಲವೂ ಬಾಯಿಗೆ ಬಂದಿತ್ತು. ಭಾಷಣ ಇಷ್ಟೇ: ಇಬ್ಬರು ಅಣ್ಣತಮ್ಮಂದಿರು, ಅವರ ಜಮೀನಿನ ಗಡಿಯಲ್ಲಿ ಒಂದು ಆಕ್ರೋಟು ಮರ, ಹನ್ನೊಂದು ವರ್ಷ ಮಾತಿಲ್ಲ. ಕೊನೆಗೆ ದೇವರ ದಯೆಯಿಂದ ಇಬ್ಬರೂ ಒಂದಾದರು. ಆ ಕಿರಿಯವ ತನ್ನ ಗಂಡನೇ ಎಂದೂ ಆಕೆ ಹೇಳಿದರು. ಗಡಿ ಜಗಳ ಎಂದ ಕೂಡಲೇ ಅಂಗಳ ಕಿವಿಗೊಟ್ಟಿತು.

ಮುಗಿದಾಗ ಗೌಡರ ತಾಯಿ ಕಂಬಕ್ಕೆ ಒರಗಿಕೊಂಡೇ ಕೇಳಿದರು: "ಒಂದಾದರು ಅಂದರೆ ಹೇಗೆ? ಯಾರು ಮೊದಲು ಹೋದದ್ದು?"

ಅದು ಭಾಷಣದಲ್ಲಿ ಇರಲಿಲ್ಲ. ನಾನು ಕನ್ನಡ ಮಾಡುವಾಗ ಅದನ್ನು ಗಮನಿಸಿರಲೂ ಇಲ್ಲ. ಅಮ್ಮ ಗಂಡನ ಕಡೆ ಕೈ ತೋರಿಸಿ, "ಅವರನ್ನು ಕೇಳಿ" ಎಂದರು.

"ಹಾಗಾದರೆ ಗುಮಾಸ್ತರು ಹೇಳಲಿ" ಎಂದರು ಮುದುಕಿ.

ನಾನು ಪೂರ್ತಿ ಅನುವಾದಿಸಿದೆ, ಗುಮಾಸ್ತ ಎಂಬುದನ್ನೂ ಸೇರಿಸಿ. ಆತ ಇಂಗ್ಲಿಷಿಗೆ ಹೋಗಲಿಲ್ಲ. ಬಾಯಿಪಾಠ ಮಾಡಿರದ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದರು.

"ನಾನು ಅಲ್ಲ. ಅಣ್ಣ ಬಂದ. ನಾನು ಬಾಗಿಲು ತೆಗೆಯಲಿಲ್ಲ."

ಆತ ಹೆಂಡತಿಯ ಕಡೆ ತಿರುಗಿದರು.

"ಮತ್ತೆ ಬಂದ. ಆಗ ಇವಳು ತೆಗೆದಳು."

"ನೀವು ಎಲ್ಲಿದ್ದಿರಿ?" ಎಂದು ಮುದುಕಿ ಬಿಡದೆ ಕೇಳಿದರು.

"ಒಳಗೆ. ಇವಳ ಹಿಂದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗೌಡರು ನಗಲಿಲ್ಲ. ಗಡಿಯ ವಿಚಾರದಲ್ಲಿ ಅವರಿಗೂ ದಾಯಾದಿಗಳ ಮನೆಗೂ ಮಾತಿರಲಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಅವರು ಒಳಗಿನಿಂದ ಒಂದು ಸ್ಟೂಲು ತಂದು ಅಮ್ಮನ ಕುರ್ಚಿಯ ಪಕ್ಕದಲ್ಲಿಟ್ಟರು.

"ಕೂತ್ಕೊಳ್ಳಿ ಗುಮಾಸ್ತರೇ" ಎಂದರು. "ಬಂದವ ಒಳಗೆ ಬಂದು ಮೊದಲು ಎಂತ ಹೇಳಿದ್ದು? ಅದನ್ನು ಹೇಳಿ."

ನಾನು ಅನುವಾದಿಸಲು ಬಾಯಿ ತೆರೆದೆ. ಆತ ಕೈ ಎತ್ತಿ ನನ್ನನ್ನು ತಡೆದು, ಸ್ಟೂಲಿನ ಮೇಲೆ ಕೂತು, ಕನ್ನಡದಲ್ಲೇ ಹೇಳತೊಡಗಿದರು.