ಬಾಗೂರಿನ ಮಂಜಣ್ಣ ಮತ್ತು ಎರಡು ಪೆಟ್ಟಿನ ಬಿಡುವು

ಬಾಗೂರಿನ ಮಂಜಣ್ಣ ರ‍್ಯಾಪ್ ಕಟ್ಟುತ್ತಿದ್ದುದು ತೆಂಗಿನಕಾಯಿ ಸುಲಿಯುತ್ತ. ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿಯನ್ನು ಕುಕ್ಕಿ, ಎರಡು ಸಲ ತಿರುವಿ, ಮಟ್ಟೆ ಬಿಚ್ಚಿ ಬಿಸಾಡುವಷ್ಟರಲ್ಲಿ ಒಂದು ಸಾಲು ಮುಗಿದಿರುತ್ತಿತ್ತು. ಕುಕ್ಕಿದ ಮೇಲೆ ಕಾಯಿ ಸಲಾಕೆಗೆ ಕೂರಬೇಕಲ್ಲ, ಆ ಒಂದು ಚೂರು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಿದ್ದ. ಮೈಕ್ ಹಿಡಿದಾಗಲೂ ಅಷ್ಟೇ. ಬೀಟ್ ಓಡುತ್ತಿದ್ದರೂ ಇವನು ಸುಮ್ಮನೆ ನಿಂತಿರುತ್ತಿದ್ದ. ಮರೆತುಬಿಟ್ಟನೇನೋ ಎಂದು ನಮಗೆ ಅನುಮಾನ ಬರುವ ಹೊತ್ತಿಗೆ ಮಾತು ಬಂದು ಬೀಳುತ್ತಿತ್ತು.

ನಾನು ಹೊಳೆನರಸೀಪುರದವನು, ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ. ನನ್ನ ರ‍್ಯಾಪ್ ಬಲು ವೇಗ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಮಂಜಣ್ಣ ಮೊದಲ ಸಲ ಕೇಳಿದಾಗ, "ನಿಂದು ನಿನ್ನ ಮಿಷನ್ನಂಗೇ ಕಣ್ಲಾ, ಸರಸರ ಬತ್ತದೆ, ಮುಟ್ಟುದ್ರೆ ಬಿಸಿ, ಓದುದ್ರೆ ಏನೂ ಇಲ್ಲ" ಅಂದ. ಸಿಟ್ಟು ನೆತ್ತಿಗೇರಿತು. ಹೇಳಿದ್ದು ನಿಜ ಎಂದು ಒಪ್ಪಲು ವರ್ಷಗಳೇ ಬೇಕಾದವು.

ಹಾಸನದಲ್ಲಿ ನಾವೆಲ್ಲ ಸೇರುತ್ತಿದ್ದೆವು. ಅರಕಲಗೂಡಿನವರು, ಪಟ್ಟಣದವರು ಅಂದರೆ ಮಂಜಣ್ಣನ ಕಡೆಯ ಚನ್ನರಾಯಪಟ್ಟಣದವರು, ಹೊಳೆನರಸೀಪುರದ ನಾವು. ಒಬ್ಬರ ಊರನ್ನು ಇನ್ನೊಬ್ಬರು ಬಯ್ಯುವ ಪದಕ್ಕೆ ಡಿಸ್ ಎನ್ನುತ್ತೇವೆ. ನಮ್ಮ ಕಟ್ಟಳೆ ಎರಡೇ. ಡಿಸ್ ಬಿಟ್ಟರೆ ಎಂಟು ದಿನದೊಳಗೆ ಉತ್ತರ ಬರಬೇಕು. ಸೋತವನು ಗೆದ್ದವನ ಪದವನ್ನು ಬಾಯಿಪಾಠ ಮಾಡಿ, ತನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಾನೇ ಹೇಳಬೇಕು. ಒಮ್ಮೆ ಅರಕಲಗೂಡಿನವನೊಬ್ಬ ಎದುರಾಳಿಯ ತಾಯಿಯನ್ನು ಪದಕ್ಕೆ ಎಳೆದಾಗ ಮಂಜಣ್ಣ ಎದ್ದು ಹೋಗಿ ಮೈಕಿನ ವೈರು ಕಿತ್ತ. "ಊರ್ನ ಬಯ್ಯಿ, ನನ್ನ ಬಯ್ಯಿ. ಅವ್ವನ್ನ ಯಾಕ್ಲಾ ಎಳೀತೀಯ?" ಎಂದಷ್ಟೇ ಹೇಳಿ ಬಂದು ಕೂತ.

ನಾವಿಬ್ಬರು ಮೊದಲ ಸಲ ಎದುರಾದಾಗ ಸೋತವನು ನಾನೇ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ, ದಿನಾ ಅರ್ಜಿ ಜೆರಾಕ್ಸ್ ಮಾಡಿಸುವ ಜನರ ಮುಂದೆ, "ಒಳೆ ಪಕ್ಕ ಊರು, ನಾಲ್ಗೆ ಮಾತ್ರ ಒಣ, ಜಂಬ ಮಾತ್ರ ಜಾಸ್ತಿ, ಮಾತ್ಗೆ ಇಲ್ಲ ಗುಣ" ಎಂದು ಹೇಳಿದೆ. ಮಾನ ಹೋಯಿತು. ಕೇಳಲೆಂದೇ ಬಾಗೂರಿನಿಂದ ಬಸ್ಸು ಹಿಡಿದು ಬಂದಿದ್ದ ಮಂಜಣ್ಣ ನಗಲಿಲ್ಲ. ಟೀ ಕೊಡಿಸಿ, "ಗಂಟ್ಲು ಚೆನ್ನಾಗದೆ ತಮ್ಮ. ಆತ್ರ ಜಾಸ್ತಿ. ಕಾಯಿ ಕೂತ್ಕಳ್ಳೋಗಂಟ ಮಾತು ಕಾಯ್ಬೇಕು" ಅಂದ. ಅಂದಿನಿಂದ ಅವನನ್ನು ಸೋಲಿಸುವುದೇ ನನ್ನ ಹಟವಾಯಿತು. ಬೇರೆ ಯಾರನ್ನು ಗೆದ್ದರೂ ಗೆದ್ದ ಹಾಗೆ ಅನಿಸುತ್ತಿರಲಿಲ್ಲ.

ಕಳೆದ ವರ್ಷ ಅವನ ಮೇಲೆ ಒಂದು ಡಿಸ್ ರೆಕಾರ್ಡ್ ಮಾಡಿ ಆನ್‌ಲೈನಿನಲ್ಲಿ ಬಿಟ್ಟೆ. ಎಂಟು ದಿನವಾಯಿತು, ಉತ್ತರವಿಲ್ಲ. ಹೆದರಿದ ಎಂದುಕೊಂಡೆ. ಗೆದ್ದೆ ಎಂದು ಸುಮ್ಮನಿರಬಹುದಿತ್ತು. ಪಟ್ಟಣದ ಹುಲಿ ಎಂದೇ ಹೆಸರಾಗಿದ್ದ ಅವನ ಮೇಲೆ ಒಂಬತ್ತನೇ ದಿನ ಇನ್ನೊಂದು ಬಿಟ್ಟೆ: "ಪಟ್ಣದ ಉಲಿಗೆ ಗಂಟ್ಲು ಕಟ್ಕಂತು, ಕಾಯಿ ರಾಶಿ ಇಂದೆ ಮುಖ ಮುಚ್ಕಂತು." ನಾನು ಮಾಡಿದ್ದರಲ್ಲೆಲ್ಲ ಜನ ತುಂಬ ಹಂಚಿಕೊಂಡಿದ್ದು ಅದನ್ನೇ.

ಎರಡು ದಿನ ಬಿಟ್ಟು ಅವನ ಹೆಂಡತಿ ಸುಧಕ್ಕ ಫೋನ್ ಮಾಡಿದರು. ಬಯ್ಯಲಿಲ್ಲ. "ಅವ್ರ ಗಂಟ್ಲಾಗೆ ಗಡ್ಡೆ ಆಗಿತ್ತು ಕಣಪ್ಪ. ಆಪರೇಷನ್ ಮಾಡುದ್ರು. ಇನ್ನು ಮಾತು ಬರಾಕಿಲ್ವಂತೆ. ನೀನು ಒಂದ್ಸಲ ಬರ್ಬೇಕಂತೆ" ಅಂದರು.

ತಕ್ಷಣ ಎರಡೂ ಡಿಸ್ ಡಿಲೀಟ್ ಮಾಡಿದೆ. ಏನು ಪ್ರಯೋಜನ? ಎರಡನೆಯದು ಆಗಲೇ ಊರೂರಿನವರ ಸ್ಟೇಟಸ್ಸಿಗೆ ಹತ್ತಿತ್ತು. ಬಾಗೂರಿಗೆ ಹೋಗುವ ಬಸ್ಸಿನಲ್ಲೇ, ನನ್ನ ಹಿಂದಿನ ಸೀಟಿನವನ ಫೋನಿನಲ್ಲಿ ನನ್ನದೇ ದನಿ ಗಂಟ್ಲು ಕಟ್ಕಂತು, ಗಂಟ್ಲು ಕಟ್ಕಂತು ಎನ್ನುತ್ತಿತ್ತು.

ಮಂಜಣ್ಣ ಮಂಚದ ಮೇಲೆ ಕೂತಿದ್ದ. ಕತ್ತಿಗೆ ಬಿಳಿ ಬಟ್ಟೆ. ನಾನು ಕಾಲು ಹಿಡಿಯಲು ಹೋದರೆ ತಳ್ಳಿದ. ನೋಟ್‌ಬುಕ್ ತೆಗೆದು ಬರೆದ: "ಯಾಕ್ಲಾ ಡಿಲೀಟ್ ಮಾಡ್ದೆ? ಮೊದಲ್ನೇದ್ನ ವಾಪಸ್ ಆಕು. ಅದಿಲ್ದಿದ್ರೆ ನನ್ನ ಉತ್ತರ ಯಾವುದ್ಕೆ?" ಪುಟ ತಿರುವಿ ತೋರಿಸಿದ. ಹದಿನಾರು ಸಾಲು, ನನ್ನ ಮೊದಲ ಡಿಸ್ಸಿಗೆ ಉತ್ತರ. ಮೇಲೆ "ಏಳ್ನೇ ದಿನ, ಆಸ್ಪತ್ರೆ" ಎಂದಿತ್ತು. ಗಡುವಿನೊಳಗೇ ಬರೆದಿದ್ದ, ಹೇಳಲು ದನಿ ಮಾತ್ರ ಇರಲಿಲ್ಲ. ಓದುತ್ತಿದ್ದಂತೆ ಸೋತೆ ಎಂದು ಗೊತ್ತಾಯಿತು.

ಅದನ್ನು ಹೇಳು ಎಂದು ಕೈಸನ್ನೆ ಮಾಡಿದ. ಗೆಣ್ಣಿನಿಂದ ಮಂಚದ ಹಲಗೆಯ ಮೇಲೆ ಬೀಟ್ ಹಿಡಿದ. ಕೊನೆಯ ಎರಡು ಸಾಲು ಹೀಗಿದ್ದವು:

ಬ್ರೇಕಿಲ್ಲದ ಬಸ್ಸು ನಿನ್ ಮಾತು, ಓಯ್ತದೆ ಮುಂದೆ
ನಿಂತ್ಕ. ನಾನು ಬತ್ತಾವ್ನಿ ನಿನ್ನ ಇಂದೆ

"ನಿಂತ್ಕ" ಆದ ಮೇಲೆ ಎರಡು ಪೆಟ್ಟು ಬಾಯಿ ಮುಚ್ಚಿ ಕಾಯಬೇಕು ಎಂದು ಪಕ್ಕದಲ್ಲಿ ಗುರುತು ಹಾಕಿದ್ದ. ನಾನು ಒಂದು ಪೆಟ್ಟಿಗೇ ಮುಂದಿನ ಮಾತಿಗೆ ಹಾರಿದೆ. ಅವನು ತಲೆಯಾಡಿಸಿ ಮತ್ತೆ ಕುಟ್ಟಿದ. ಮತ್ತೆ ಹಾರಿದೆ. ಮೂರನೇ ಸಲ ಅವನಿಗೆ ಸುಸ್ತಾಯಿತು, ಕೈ ಹಲಗೆಯ ಮೇಲೇ ಉಳಿಯಿತು. ಸುಧಕ್ಕ, "ಇನ್ನೊಂದಿನ ಕಲ್ಸೀರಂತೆ ಬುಡಿ" ಅಂದರು. ಎದ್ದು ಬಂದೆ. ಬಂದವನು ಅವನು ಹೇಳಿದಂತೆ ಮೊದಲ ಡಿಸ್ಸನ್ನು ವಾಪಸ್ಸು ಹಾಕಿದೆ.

ಆ ಇನ್ನೊಂದು ದಿನ ಬರಲಿಲ್ಲ. ಮಂಜಣ್ಣ ಹೋದ ಮೇಲಿನ ಭಾನುವಾರ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅವನ ಪದ ಹೇಳಿದೆ. ಹದಿನೈದು ಸಾಲು ಸರಿಯಾಗಿಯೇ ಬಂದವು. "ನಿಂತ್ಕ" ಎಂದೆ. ತೊಡೆಯ ಮೇಲೆ ಒಂದು ಪೆಟ್ಟು ಎಣಿಸಿದೆ. ಎರಡನೆಯದು ಬೀಳುವ ಮೊದಲೇ "ನಾನು ಬತ್ತಾವ್ನಿ" ಎಂದುಬಿಟ್ಟೆ. ನಿಂತಿದ್ದವರು ಚಪ್ಪಾಳೆ ತಟ್ಟಿದರು. ತಪ್ಪಾಯಿತೆಂದು ಒಬ್ಬರಿಗೂ ಗೊತ್ತಾಗಲಿಲ್ಲ.